ದೇವರ ಮನೆಯ ಕಿತ್ತಳೆ ದೀಪ

ಯೋಜನೆ ಹಾಕುವುದರಲ್ಲಿ ನಮ್ಮ ವಾದಿರಾಜನನ್ನು ಮೀರಿಸುವವರು ಇಡೀ ಚಾಮರಾಜಪೇಟೆಯಲ್ಲೇ ಇಲ್ಲ. ಮಾಡುವುದರಲ್ಲಿ ಹೇಗೆ ಅಂತ ಮಾತ್ರ ಕೇಳಬೇಡಿ. ಒಂಬತ್ತು ತಿಂಗಳು ಕೂತು ಹದಿನಾಲ್ಕು ಪುಟ ಬರೆದಿದ್ದ ಪುಣ್ಯಾತ್ಮ. ಅಚ್ಚುಕಟ್ಟಾದ ಚೌಕಗಳು, ಹಸಿರು ನೀಲಿ ಬಾಣಗಳು, ಎಷ್ಟು ಗಂಟೆಗೆ ಯಾವ ಕೆಲಸ, ಅದಾದ ಮೇಲೆ ಯಾವುದು, ಎಡವಟ್ಟಾದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಇತ್ತು ಅದರಲ್ಲಿ. ಮೊದಲ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, 'ಭಂಡಾರದ ಹಳೇ ಸರ್ವರನ್ನು ವರ್ಚುಯಲ್ ಮಷೀನಿಗೆ ಸ್ಥಳಾಂತರಿಸುವ ಯೋಜನೆ'. ಆ ಹದಿನಾಲ್ಕು ಪುಟದಲ್ಲಿ ಇಲ್ಲದ್ದು ಒಂದೇ ಸಂಗತಿ, ಮತ್ತು ಅದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು.

ಭಂಡಾರ ಅಂದರೆ ಕೇಳುಪುಸ್ತಕ ಭಂಡಾರ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೊಡುವ ಜಾಗ. ಐದನೇ ಮೇನಿನಲ್ಲಿ ಯಾರೋ ದಾನಿಗಳು ಬರೆದುಕೊಟ್ಟ ಹಳೇ ಮನೆ. ನಡುಮನೆಯಲ್ಲಿ ಕಮಿಟಿಯ ಮೇಜು, ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುವ ಮಕ್ಕಳು, ಹಿಂದಿನ ಮಲಗುವ ಕೋಣೆಯ ಗೋಡೆಗೆಲ್ಲ ಥರ್ಮಾಕೋಲ್ ಬಡಿದು ಓದುವ ಕೋಣೆ. ಸರ್ವರ್ ಇದ್ದದ್ದು ದೇವರ ಮನೆಯಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಕಿಟಕಿಯಿಲ್ಲದೆ, ಧೂಳಿಲ್ಲದೆ, ಬೀಗ ಹಾಕುವಂಥ ತಂಪು ಕೋಣೆ ಆ ಮನೆಯಲ್ಲಿ ಅದೊಂದೇ. ದೇವರ ಪೀಠದ ಮೇಲೇ ಆ ಕಪ್ಪು ಪೆಟ್ಟಿಗೆಯನ್ನು ಕೂರಿಸಿದ್ದರು. ಹಾಗಾಗಿ ಎಲ್ಲರೂ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದರು.

ಆ ಕೋಣೆಯ ಬೀಗದಕೈ ವೆಂಕಟಪ್ಪನ ಸೊಂಟದಲ್ಲಿ. ಬಿನ್ನಿಪೇಟೆಯವನು, ವಯಸ್ಸು ಐವತ್ತೆಂಟು, ಇಪ್ಪತ್ತೆರಡು ವರ್ಷದಿಂದ ಭಂಡಾರದ ಅಟೆಂಡರ್. ಬಾಗಿಲು ತೆಗೆಯುವವನು ಅವನೇ, ಕಾಫಿ ಮಾಡುವವನು ಅವನೇ, ಮಕ್ಕಳನ್ನು ಕೈಹಿಡಿದು ರಸ್ತೆ ದಾಟಿಸಿ ಬಸ್ ಹತ್ತಿಸುವವನೂ ಅವನೇ. ಬೀಗದಕೈ ಬಗ್ಗೆ ಅವನಿಗೊಂದು ಹೆಮ್ಮೆ. "ನಮ್ಮಪ್ಪ ಮಿಲ್ ರಜೆ ದಿನ ಈ ಬೀದೀಲಿ ಸುಣ್ಣ ಬಳಿಯೋಕೆ ಬರೋರು ಸಾರ್," ಅಂತ ಒಮ್ಮೆ ವಾದಿರಾಜನ ಹತ್ತಿರ ಹೇಳಿದ್ದ. "ಎಲ್ಲಾ ಗೋಡೆ ಬಳಿಸ್ಕೊಳ್ಳೋರು. ದೇವರ ಮನೆ ಹೊಸಿಲು ಮಾತ್ರ ದಾಟಿಸ್ತಿರಲಿಲ್ಲ. ಈಗ ನೋಡಿ, ಬೀಗ ನನ್ನ ಹತ್ರ." ಹೇಳಿ ನಕ್ಕಿದ್ದ. ವಾದಿರಾಜ ನಗಬೇಕೋ ಬೇಡವೋ ತಿಳಿಯದೆ ತಲೆಯಾಡಿಸಿದ್ದ.

ಈ ತಲೆಯಾಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಾದಿರಾಜನದು ಹೌದು ಅಂತಲೂ ಅಲ್ಲದ, ಇಲ್ಲ ಅಂತಲೂ ಅಲ್ಲದ ಒಂದು ತಲೆಯಾಟ. ಗವಿಪುರದ ಮನೆಯಲ್ಲಿ ಹೆಂಡತಿ ಸುಪ್ರಜಾಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಬಾಯಲ್ಲೇನು ಕಡುಬಿದೆಯಾ?" ಅಂತ ಕೇಳುತ್ತಾಳೆ. ನಲವತ್ತೇಳು ವರ್ಷ ಆ ತಲೆಯಾಟದಲ್ಲೇ ಬದುಕು ಸಾಗಿಸಿದ ಮನುಷ್ಯ. ವಾರವೆಲ್ಲ ಒಂದು ಕಂಪನಿಯಲ್ಲಿ ಕೆಲಸ, ಶನಿವಾರ ಭಂಡಾರದ ಕಂಪ್ಯೂಟರುಗಳ ಸೇವೆ. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆದ್ದರಿಂದ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಿಟ್ಟಿ ಸೇವೆಯ ದೊಡ್ಡ ಅನುಕೂಲವೇ ಅದು.

ಸ್ಥಳಾಂತರದ ಮಾತು ಮೊದಲು ಬಂದದ್ದು ಹೋದ ವರ್ಷದ ಸೆಪ್ಟೆಂಬರಿನಲ್ಲಿ. ಸರ್ವರಿಗೆ ಹನ್ನೊಂದು ವರ್ಷ ತುಂಬಿತ್ತು. ಅಧ್ಯಕ್ಷೆ ಗಿರಿಜಾಂಬಾ, ನಿವೃತ್ತ ಹೆಡ್‌ಮಿಸ್ಟ್ರೆಸ್, ವರ್ಚುಯಲ್ ಮಷೀನ್ ಅಂದರೇನು ಅಂತ ಬಿಡಿಸಿ ಹೇಳಿಸಿಕೊಂಡರು.

"ನಮ್ಮದು ಅಂತ ಪೆಟ್ಟಿಗೆ ಇರಲ್ಲ ಮೇಡಮ್. ಬೇರೆ ಕಡೆ ಒಂದು ದೊಡ್ಡ ಮಷೀನ್ ಇರತ್ತೆ, ಅದರೊಳಗೆ ನಮಗೆ ಅಂತ ಒಂದು ಪಾಲು. ಕೆಲಸ ಎಲ್ಲ ಇದೇ ಥರ ಮಾಡತ್ತೆ, ಕೈಗೆ ಸಿಗಲ್ಲ ಅಷ್ಟೆ."

"ಅಂದ್ರೆ ಸ್ವಂತ ಮನೆ ಬಿಟ್ಟು ಅಪಾರ್ಟ್‌ಮೆಂಟ್‌ಗೆ ಹೋದ ಹಾಗೆ."

"ಹಾಗೇ ಅಂದ್ಕೊಳ್ಳಿ."

ಕಾಫಿ ಲೋಟ ಇಡುತ್ತಿದ್ದ ವೆಂಕಟಪ್ಪ ತಡೆಯಲಾರದೆ ಕೇಳಿಬಿಟ್ಟ. "ಹಾಗಾದ್ರೆ ಆಯುಧಪೂಜೆಗೆ ಬೊಟ್ಟು ಎಲ್ಲಿಗಿಡೋದು ಸಾರ್?"

ಕಮಿಟಿಯೆಲ್ಲ ಗೊಳ್ಳೆಂದು ನಕ್ಕಿತು. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾರು ಯಾವುದನ್ನು ನೋಡಿಕೊಳ್ಳುತ್ತಾರೋ ಅದರ ಪೂಜೆ ಅವರದು ಅನ್ನುವುದು ಭಂಡಾರದ ಪದ್ಧತಿ. ಇಪ್ಪತ್ತು ವರ್ಷದಿಂದ ಓದುತ್ತಿರುವ ಜಾನಕಮ್ಮ ಮೈಕಿಗೆ ಅರಿಶಿನ ಕುಂಕುಮ ಇಡುತ್ತಾರೆ, ಗಿರಿಜಾಂಬಾ ತಮ್ಮ ಪೆನ್ನಿಗೆ. ಸರ್ವರಿನ ಪೂಜೆ ವೆಂಕಟಪ್ಪನದು.

ಈಗ ಆ ಹದಿನಾಲ್ಕು ಪುಟದಲ್ಲಿ ಇಲ್ಲದ ಸಂಗತಿಗೆ ಬರೋಣ. ಸರ್ವರಿನಲ್ಲಿ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ಜೋಡೆತ್ತು ಇದ್ದ ಹಾಗೆ, ಒಂದು ಮಲಗಿದರೆ ಇನ್ನೊಂದು ಗಾಡಿ ಎಳೆಯುತ್ತದೆ. ಆದರೆ ಮಲಗಿದ್ದನ್ನು ಬೇಗ ಬದಲಾಯಿಸಬೇಕು, ಇಲ್ಲದಿದ್ದರೆ ಎಲ್ಲ ಭಾರ ಒಂದರ ಮೇಲೇ. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಒಂದು ಡಿಸ್ಕ್ ಸತ್ತಿತು. ಪೆಟ್ಟಿಗೆಯ ಮುಂಭಾಗದಲ್ಲಿ ಕಿತ್ತಳೆ ಬಣ್ಣದ ಚಿಕ್ಕ ದೀಪವೊಂದು ಮಿಟುಕಲು ಶುರುವಾಯಿತು. ದಿನಾ ಬೆಳಗ್ಗೆ ಆರಕ್ಕೆ ವಾದಿರಾಜನಿಗೆ ಒಂದು ಮೇಲ್ ಕೂಡ ಬರತೊಡಗಿತು. ಅವನು ನೋಡಿದ. ಹೊಸ ಡಿಸ್ಕ್ ತರಿಸುವುದು ಅರ್ಧ ದಿನದ ಕೆಲಸ. ಹೇಗಿದ್ದರೂ ಹೊಸದಕ್ಕೆ ಹೋಗುತ್ತೇವಲ್ಲ, ಹಳೇದಕ್ಕೆ ಯಾಕೆ ಸುಮ್ಮನೆ ಒದ್ದಾಟ, ಅಂದುಕೊಂಡ. ಮೇಲ್‌ಗಳು ಕಣ್ಣಿಗೆ ಬೀಳದ ಹಾಗೆ ಒಂದು ಫೋಲ್ಡರ್ ಮಾಡಿ ಅದರೊಳಗೆ ತಾನಾಗಿ ಹೋಗುವಂತೆ ಮಾಡಿದ. ಫೋಲ್ಡರಿನ ಹೆಸರು 'ಆಮೇಲೆ'.

ಅಲ್ಲಿಗೂ ನಿಲ್ಲಲಿಲ್ಲ. ವಾರಕ್ಕೊಮ್ಮೆ ಎಲ್ಲ ರೆಕಾರ್ಡಿಂಗನ್ನೂ ಒಂದು ಬಿಡಿ ಡಿಸ್ಕಿಗೆ ನಕಲು ಮಾಡಿಡುತ್ತಿದ್ದ. ದಸರಾ ಹೊತ್ತಿಗೆ ಅದೂ ಭರ್ತಿಯಾಯಿತು. ಇನ್ನೊಂದು ತರಬೇಕಿತ್ತು. ಹೇಗಿದ್ದರೂ ಹೊಸದಕ್ಕೆ ಹೋಗುತ್ತೇವಲ್ಲ!

ಆಯುಧಪೂಜೆಯ ದಿನ ಸರ್ವರನ್ನು ಒರೆಸುತ್ತಿದ್ದ ವೆಂಕಟಪ್ಪ, "ಸಾರ್, ಹೋದ್ಸಲ ಈ ಕಿತ್ತಳೆ ದೀಪ ಇರಲಿಲ್ವಲ್ಲ?" ಅಂದ.

ನಡುಮನೆಯಲ್ಲಿ ಕಮಿಟಿಯವರ ಚಪ್ಪಲಿ ಸದ್ದು. ಗಿರಿಜಾಂಬಾ ಹೆಡ್‌ಮಿಸ್ಟ್ರೆಸ್ ಕಣ್ಣು, ಒಂದು ಬಲ್ಬ್ ಹೆಚ್ಚು ಉರಿದರೂ ಬಿಡುವವರಲ್ಲ. "ಏನಿಲ್ಲ ವೆಂಕಟಪ್ಪ, ಹಳೇದಾಯ್ತಲ್ಲ," ಅಂದ ವಾದಿರಾಜ. ಆಮೇಲೆ ನಗುತ್ತ, "ಒಂದು ಕೆಲಸ ಮಾಡಿ, ಬೊಟ್ಟು ಅಲ್ಲೇ ಇಡಿ. ಸ್ವಲ್ಪ ದಪ್ಪಗೇ ಇಡಿ," ಅಂದ.

ವೆಂಕಟಪ್ಪ ಗಂಧ ತೇಯ್ದು, ಅದರ ಮೇಲೆ ಕುಂಕುಮವಿಟ್ಟು, ದೀಪ ಕಾಣದ ಹಾಗೆ ಒಂದು ರೂಪಾಯಿಯಗಲ ಬೊಟ್ಟಿಟ್ಟ. ಮಂಗಳಾರತಿಯಾಯಿತು. ಗಿರಿಜಾಂಬಾ ಕೈಮುಗಿದು, "ಲಕ್ಷಣವಾಗಿದೆ," ಅಂದರು.

ಅಲ್ಲಿಗೆ ಮುಗಿದಿದ್ದರೆ ಹದಿನೈದು ದಿನಕ್ಕೆ ಗಂಧ ಒಣಗಿ ಉದುರಿ, ದೀಪ ಮತ್ತೆ ಕಾಣುತ್ತಿತ್ತು. ಆದರೆ ವೆಂಕಟಪ್ಪನಿಗೆ ಸಾರ್ ಹೇಳಿದ ಮಾತು ಅಂದರೆ ಮಾತು. ಪ್ರತಿ ಶುಕ್ರವಾರ ಬೆಳಗ್ಗೆ ಬೀಗ ತೆಗೆದು, ಹಳೇ ಬೊಟ್ಟು ಒರೆಸಿ, ಅದೇ ಜಾಗದಲ್ಲಿ ಅಷ್ಟೇ ದಪ್ಪಗೆ ಹೊಸದಿಟ್ಟ. ಎಂಟು ತಿಂಗಳು, ಒಂದು ವಾರ ತಪ್ಪಿಸದೆ. ವಾದಿರಾಜ ಶನಿವಾರ ಬಂದಾಗಲೆಲ್ಲ ಆ ತಾಜಾ ಬೊಟ್ಟನ್ನು ನೋಡುತ್ತಿದ್ದ. ಮೊದಮೊದಲು ಸಣ್ಣಗೆ ಕಸಿವಿಸಿಯಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಯೋಜನೆ ಎಂಟು ಪುಟವಿದ್ದದ್ದು ಹತ್ತಾಯಿತು, ಹತ್ತು ಹದಿನಾಲ್ಕಾಯಿತು.

ಜೂನ್ ಆರು, ಶನಿವಾರ. ಯೋಜನೆಯ ನಾಲ್ಕನೇ ಹೆಜ್ಜೆ, ಪರೀಕ್ಷಾರ್ಥ ನಕಲು. ಹಳೇ ಸರ್ವರಿನಲ್ಲಿರುವುದನ್ನೆಲ್ಲ ಹೊಸ ಜಾಗಕ್ಕೆ ಒಮ್ಮೆ ಕಳಿಸಿ ನೋಡುವುದು. ಒಂಟಿ ಡಿಸ್ಕ್ ಒಂಬತ್ತು ತಿಂಗಳು ಎಳೆದು ಎಳೆದು ಸುಸ್ತಾಗಿತ್ತು. ಶುರುಮಾಡಿದ ನಲವತ್ತು ನಿಮಿಷಕ್ಕೆ ದೇವರ ಮನೆಯೊಳಗಿಂದ ಕಟಕಟ ಸದ್ದು ಬಂತು. ಆಮೇಲೆ ಅದೂ ನಿಂತಿತು. ಏನಾಯಿತೆಂದು ವಾದಿರಾಜನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಳೇ ಪುಸ್ತಕಗಳು ಬಿಡಿ ಡಿಸ್ಕಿನಲ್ಲಿ ಭದ್ರವಾಗಿದ್ದವು. ದಸರಾದಿಂದ ಈಚೆಗೆ ಓದಿದ್ದು ಅಷ್ಟೂ ಹೋಯಿತು. ಮುನ್ನೂರ ನಲವತ್ತು ಗಂಟೆ. ಬಹುಪಾಲು ಜಾನಕಮ್ಮನ ದನಿ. ಎಪ್ಪತ್ತಾರು ವಯಸ್ಸಿನಲ್ಲಿ ಹನುಮಂತನಗರದಿಂದ ಆಟೋ ಹಿಡಿದು ಬಂದು ಓದಿದ್ದು. ಅದರಲ್ಲೇ ಪೂಜಿತಾಳ ಸಮಾಜಶಾಸ್ತ್ರವೂ ಇತ್ತು. ಪೂಜಿತಾ ಕೊನೆಯ ಸೆಮಿಸ್ಟರಿನ, ಕಣ್ಣು ಕಾಣದ ಹುಡುಗಿ, ದಿನಾ ಕಾಲೇಜು ಮುಗಿಸಿ ಭಂಡಾರಕ್ಕೆ ಬರುವವಳು. ಪುಸ್ತಕ ಪೂರ್ತಿ ಓದಿ, ತಪ್ಪು ತಿದ್ದಿ ಮುಗಿಯುವ ತನಕ ಹೊರಗೆ ಕೊಡುವ ಪದ್ಧತಿ ಭಂಡಾರದಲ್ಲಿಲ್ಲ. ಜಾನಕಮ್ಮ ಅದನ್ನು ಮುಗಿಸಿದ್ದು ಆ ಗುರುವಾರವಷ್ಟೆ. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಸೋಮವಾರ ಹೊಸ ಜಾಗದ ಕಂಪನಿಯಿಂದ ಶಿವರಂಜಿನಿ ಅನ್ನುವ ಇಂಜಿನಿಯರ್ ಬಂದಳು. ಚುರುಕು ಹುಡುಗಿ, ಮಾತು ಕಡಿಮೆ. ಗಿರಿಜಾಂಬಾ, ಇನ್ನಿಬ್ಬರು ಸದಸ್ಯರು, ವೆಂಕಟಪ್ಪ, ಎಲ್ಲ ದೇವರ ಮನೆಯ ಬಾಗಿಲಲ್ಲಿ. ಅವಳು ಮಷೀನಿನ ದಾಖಲೆಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ, ಆಮೇಲೆ ಬಗ್ಗಿ ಉಗುರಿನಿಂದ ಒಣಗಿದ ಗಂಧ ಕೆರೆದಳು.

"ಇಲ್ಲಿ ವಾರ್ನಿಂಗ್ ಲೈಟ್ ಇದೆ. ಒಂದು ಡಿಸ್ಕ್ ಹೋದ ಸೆಪ್ಟೆಂಬರಲ್ಲೇ ಹೋಗಿದೆ. ಲೈಟ್ ಮುಚ್ಚಿದ್ರಿಂದ ಯಾರಿಗೂ ಕಂಡಿಲ್ಲ," ಅಂದಳು. ಆಮೇಲೆ ವಾದಿರಾಜನ ಕಡೆ ತಿರುಗಿ, "ಅಲರ್ಟ್ ಮೇಲ್ ಬರ್ತಿರಲಿಲ್ವಾ ಸರ್?"

"ಸೆಟ್ ಮಾಡಿರಲಿಲ್ಲ ಅನ್ಸತ್ತೆ. ನೋಡ್ಬೇಕು," ಅಂದ ವಾದಿರಾಜ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಗಿರಿಜಾಂಬಾ ತಿರುಗಿದರು. "ಯಾರಿಟ್ಟಿದ್ದು ಇದು? ವೆಂಕಟಪ್ಪ?"

ವೆಂಕಟಪ್ಪ ಆ ಕೆಂಪು ಪುಡಿಯನ್ನೇ ನೋಡುತ್ತಿದ್ದ. "ನಾನೇ ಅಮ್ಮ. ವಾರ ವಾರ ಇಡ್ತಿದ್ದೆ," ಅಂದ. ಒಮ್ಮೆ ವಾದಿರಾಜನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ, ಬರೀ ಸಂಕಟ. ಕುಂಕುಮದಿಂದಲೇ ಮಷೀನ್ ಕೆಟ್ಟಿತು, ತನ್ನ ಕೈಯಿಂದಲೇ ಎಲ್ಲ ಅಳಿಸಿಹೋಯಿತು ಅಂತ ಆ ಮನುಷ್ಯ ನಂಬಿಬಿಟ್ಟಿದ್ದ. ಸಾರ್ ಬೊಟ್ಟಿಡಿ ಅಂದದ್ದು ಒಂದು ಸಲ, ವಾರ ವಾರ ಇಡಿ ಅಂದಿರಲಿಲ್ಲವಲ್ಲ. "ತಪ್ಪಾಯ್ತು ಅಮ್ಮ. ನಂದೇ ತಪ್ಪು."

"ದೇವರು ಬುದ್ಧಿ ಕೊಡಬಾರದೇನಯ್ಯಾ? ಇಷ್ಟು ವರ್ಷ ಇದ್ದೀಯ! ವಾದಿರಾಜ್, ಇವನು ಇದನ್ನ ಮಾಡ್ತಿದ್ದದ್ದು ನಿಮ್ಮ ಗಮನಕ್ಕೆ ಬಂದಿರಲಿಲ್ವೇ?"

ವಾದಿರಾಜ ತಲೆಯಾಡಿಸಿದ. ಅದೇ ತಲೆಯಾಟ.

ಪಾಪ, ಸೇವೆಗೆ ಬರುವ ಮನುಷ್ಯ, ಎಲ್ಲ ಎಲ್ಲಿ ನೋಡ್ತಾರೆ ಅಂತ ಸದಸ್ಯರು ಗೊಣಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದು ನಡೆದದ್ದು ಹೀಗೆ, ಎರಡೇ ನಿಮಿಷದಲ್ಲಿ. ಗಿರಿಜಾಂಬಾ ಕೈ ಚಾಚಿದರು. ವೆಂಕಟಪ್ಪ ಸೊಂಟದಿಂದ ದೇವರ ಮನೆಯ ಬೀಗದಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟ. ಆಮೇಲೂ ಅವನ ಕೈ ಆ ಖಾಲಿ ಜಾಗವನ್ನೇ ತಡಕುತ್ತಿತ್ತು. "ಹೊಸ ಪ್ಲಾನಿನಲ್ಲಿ ಒಂದು ನಿಯಮ ಸೇರಿಸಿ ವಾದಿರಾಜ್," ಅಂದರು. "ಮಷೀನ್ ಕೋಣೆಗೆ ಅಟೆಂಡರ್ ಹೋಗಕೂಡದು. ಇವನು ಇನ್ನು ಮುಂದೆ ಗೇಟ್ ಹತ್ರ ಇರಲಿ. ಶನಿವಾರದ ಮೀಟಿಂಗಿನಲ್ಲಿ ಪಾಸ್ ಮಾಡೋಣ."

ಎಲ್ಲರೂ ಚದುರಿದ ಮೇಲೆ ವಾದಿರಾಜ ಚಪ್ಪಲಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಹೊರಟ. ಅಲ್ಲಿಂದ ಓಡಿದರೆ ಸಾಕಾಗಿತ್ತು. ಕೇಳುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪೂಜಿತಾ ಕುರ್ಚಿಯಲ್ಲಿ ಕೂತಿದ್ದಳು. ವೆಂಕಟಪ್ಪ ನೆಲದ ಮೇಲೆ ಮೊಣಕಾಲೂರಿ ಅವಳ ಎರಡೂ ಕಾಲು ಹಿಡಿದುಕೊಂಡಿದ್ದ.

"ಅಂಕಲ್, ಏನ್ ಮಾಡ್ತಿದೀರ? ಬಿಡಿ, ಬಿಡಿ ಪ್ಲೀಸ್," ಹುಡುಗಿ ಗಾಬರಿಯಲ್ಲಿ ಕೈ ಆಡಿಸುತ್ತಿದ್ದಳು.

"ನಿನ್ನ ಪುಸ್ತಕ ನಾನು ಹಾಳು ಮಾಡ್ಬಿಟ್ಟೆ ತಾಯಿ. ನನ್ನ ಕೈಯಾರೆ. ಕ್ಷಮಿಸ್ಬಿಡು."

ತನ್ನ ಮಗಳಿಗಿಂತ ಚಿಕ್ಕವಳ ಕಾಲು. ಒಂದು ಹೆಜ್ಜೆ, ಒಂದು ಮಾತು ಸಾಕಿತ್ತು. ವಾದಿರಾಜ ಬರಿಗಾಲಲ್ಲಿ ಸದ್ದಾಗದ ಹಾಗೆ ಹಿಂದಕ್ಕೆ ಸರಿದು, ಗೇಟಿನ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡ. ಥೂ ನಿನ್ನ, ಅಂತ ಅವನಿಗೆ ಅವನೇ ಅಂದುಕೊಂಡ. ಅಂದುಕೊಂಡರೆ ಏನು ಬಂತು, ಬಾಯಿ ಬಿಡಬೇಕಲ್ಲ!

ಆ ವಾರ ಆಫೀಸಿನಲ್ಲಿ ಯಾರಾದರೂ 'ಯಾರಿದನ್ನ ಮಾಡಿದ್ದು' ಅಂತ ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಶುಕ್ರವಾರ ಬೆಳಗ್ಗೆ ಸುಪ್ರಜಾ ಪೂಜೆ ಮುಗಿಸಿ ಅವನ ಹಣೆಗೆ ಕುಂಕುಮ ಇಡಲು ಬಂದರೆ ಬೆಚ್ಚಿ ಹಿಂದೆ ಸರಿದ. "ಏನ್ರೀ ಆಗಿದೆ ನಿಮಗೆ?" ಅಂದಳು. ತಲೆಯಾಡಿಸಿದ.

ಅದೇ ದಿನ ಹೊಸ ಯೋಜನೆ ಟೈಪ್ ಮಾಡಲು ಆಫೀಸಿಗೆ ರಜೆ ಹಾಕಿ ಭಂಡಾರಕ್ಕೆ ಹೋದ. ವೆಂಕಟಪ್ಪ ಗೇಟಿನ ಪಕ್ಕ ಸ್ಟೂಲ್ ಮೇಲೆ ಕೂತಿದ್ದ. ಬೋಳು ಹಣೆ. ಎಂದೂ ಹಾಗೆ ನೋಡಿದವನಲ್ಲ ವಾದಿರಾಜ.

"ಯಾಕೆ ವೆಂಕಟಪ್ಪ, ಕುಂಕುಮ ಇಟ್ಟಿಲ್ಲ?"

"ಮುಟ್ಟೋಕೇ ಹೆದರಿಕೆ ಸಾರ್. ಮನೇಲೂ ಇಟ್ಕೊಳ್ತಿಲ್ಲ." ಆಮೇಲೆ ಕೇಳಿದ, "ನೀವು ಆವತ್ತು ಮೀಟಿಂಗಲ್ಲಿ ಹೇಳ್ತಿದ್ರಲ್ಲ, ಕೆಟ್ಟೋದ್ರೆ ಮೊದಲಿದ್ದ ಹಾಗೇ ಮಾಡೋಕೆ ಒಂದು ದಾರಿ ಇಟ್ಕೊಂಡಿರ್ತೀವಿ ಅಂತ. ಅದು ಈಗ ಆಗಲ್ವಾ ಸಾರ್?"

"ಆಗಲ್ಲ ವೆಂಕಟಪ್ಪ."

"ಹಂಗಾದ್ರೆ ನನ್ನಿಂದ ದೊಡ್ಡ ಪಾಪ ಆಯ್ತು ಸಾರ್."

ಹೇಳಬೇಕಿದ್ದರೆ ಅಲ್ಲೇ ಹೇಳಬಹುದಿತ್ತು. ಗೇಟಿನಲ್ಲಿ ಇಬ್ಬರೇ ಇದ್ದರು. ನಾಲಿಗೆ ತುದಿಗೆ ಬಂತು ಕೂಡ. ಒಳಗೆ ಹೋಗಿ ಕೂತು ಒಂಬತ್ತನೇ ನಿಯಮ ಟೈಪ್ ಮಾಡಿದ: 'ಸರ್ವರ್ ಹಾಗೂ ಅದರ ಕೋಣೆಗೆ ಅಟೆಂಡರ್ ವೆಂಕಟಪ್ಪ ಅವರಿಗೆ ಪ್ರವೇಶವಿಲ್ಲ.' ಕಾಗುಣಿತ ಸರಿಯಿದೆಯೇ ಅಂತ ಎರಡು ಸಲ ಓದಿದ.

ಶನಿವಾರ ನಾಲ್ಕಕ್ಕೆ ಮೀಟಿಂಗ್. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಯೋಜನೆ. ಶಿವರಂಜಿನಿ ಒಂದು ಕಡೆ, ಕಮಿಟಿ ಇನ್ನೊಂದು ಕಡೆ. ಜಾನಕಮ್ಮನೂ ಬಂದಿದ್ದರು. ಅವರು ಯಾರನ್ನೂ ಬೈಯಲಿಲ್ಲ. "ಮತ್ತೆ ಮೊದಲನೇ ಪುಟದಿಂದ ಶುರು ಮಾಡಿದೀನಿ. ದಿನಾ ಎರಡು ಹೊತ್ತು ಓದಿದ್ರೆ ಪರೀಕ್ಷೆ ಹೊತ್ತಿಗೆ ಅರ್ಧ ಆಗಬಹುದು," ಅಂದರು ಅಷ್ಟೆ. ಅವರ ಗಂಟಲು ಆಗಲೇ ಒಡೆದಿತ್ತು.

ಒಂದೊಂದೇ ಹೆಜ್ಜೆ ಓದಿಕೊಂಡು ಬಂದ ವಾದಿರಾಜ ಒಂಬತ್ತನೇ ನಿಯಮದ ಹತ್ತಿರ ನಿಂತ. ಬಾಗಿಲಲ್ಲಿ ವೆಂಕಟಪ್ಪ ಕಾಫಿ ತಟ್ಟೆ ಹಿಡಿದು ನಿಂತಿದ್ದ. ಗೋಡೆಯ ಮೇಲೆ ತನ್ನ ಹೆಸರು ನೋಡಿ ತಲೆ ತಗ್ಗಿಸಿದ. ತಾನು ಮಾಡಿದ್ದು ಏನೆಂದು ವಾದಿರಾಜನಿಗೆ ಆಗ ಸರಿಯಾಗಿ ಕಂಡಿತು.

"ಇದನ್ನ ತೆಗೀಬೇಕು ಮೇಡಮ್," ಅಂದ. "ತಪ್ಪು ವೆಂಕಟಪ್ಪನದಲ್ಲ. ನಂದು. ಆ ದೀಪ ಉರೀತಿದ್ದದ್ದು ನನಗೆ ಗೊತ್ತಿತ್ತು. ಬೊಟ್ಟು ಅಲ್ಲಿಡಿ ಅಂತ ಹೇಳಿದ್ದೂ ನಾನೇ."

ಗಿರಿಜಾಂಬಾ ಕನ್ನಡಕ ತೆಗೆದು ಅವನನ್ನೇ ನೋಡಿದರು. ಅವರ ಮುಖ ಮೆತ್ತಗಾಯಿತು.

"ಸಾಕು ವಾದಿರಾಜ್. ನಿಮ್ಮ ದೊಡ್ಡತನ ನಮಗೆಲ್ಲ ಗೊತ್ತು. ಪಾಪ, ಬಡವನ ಕೆಲಸಕ್ಕೆ ಕುತ್ತು ಬಂದೀತು ಅಂತ ಎಲ್ಲಾ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ."

"ಎಂಥ ಸಂಸ್ಕಾರ ನೋಡಿ," ಅಂದರು ಪಕ್ಕದ ಸದಸ್ಯರು. "ಈ ಕಾಲದಲ್ಲಿ ಯಾರ್ರೀ ಹೀಗೆ ಮಾಡ್ತಾರೆ? ಆಯ್ತು, ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ ಆ ನಿಯಮ ಬೇಡ ಬಿಡಿ. ವೆಂಕಟಪ್ಪನ್ನ ಕ್ಷಮಿಸೋಣ."

ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ವಾದಿರಾಜನಿಗೆ ಹಾಯ್ ಅನ್ನಿಸಿತು. ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು, ವೆಂಕಟಪ್ಪನಿಗೆ ಬೀಗದಕೈಯೂ ವಾಪಸ್. ತಲೆಯಾಡಿಸಿಬಿಟ್ಟರೆ ಮುಗಿಯಿತು. ಕುತ್ತಿಗೆ ಆಗಲೇ ಅಭ್ಯಾಸದಂತೆ ವಾಲುತ್ತಿತ್ತು.

ಬಾಗಿಲಿಂದ ವೆಂಕಟಪ್ಪ ಹೇಳಿದ, "ಬೇಡಿ ಸಾರ್. ನನಗೋಸ್ಕರ ನೀವು ಕೆಟ್ಟ ಹೆಸರು ತಗೋಬೇಡಿ." ಅವನ ಕಣ್ಣಲ್ಲಿ ನೀರು ತುಂಬಿತ್ತು. ತಟ್ಟೆ ಹಿಡಿದಿದ್ದರಿಂದ ಕೈಮುಗಿಯಲಾಗದೆ ತಲೆ ಬಗ್ಗಿಸಿದ.

ಆ ಬಗ್ಗಿದ ತಲೆಯನ್ನು ವಾದಿರಾಜನಿಗೆ ಸಹಿಸಲಾಗಲಿಲ್ಲ. ಗೋಡೆಯ ಮೇಲಿದ್ದ ಯೋಜನೆಯನ್ನು ಮುಚ್ಚಿದ. ಮೇಲ್ ತೆರೆದ. 'ಆಮೇಲೆ' ಅನ್ನುವ ಫೋಲ್ಡರ್ ಒತ್ತಿದ. ಗೋಡೆ ತುಂಬ ಒಂದರ ಕೆಳಗೊಂದು ಸಾಲು ಬಿಚ್ಚಿಕೊಂಡಿತು. ಎಲ್ಲವೂ ಒಂದೇ ಮಾತು, ಎಲ್ಲದರ ಮುಂದೆ ಬೆಳಗಿನ ಆರು ಗಂಟೆ.

"ಓದಿ ಹೇಳಮ್ಮ," ಅಂದ ಶಿವರಂಜಿನಿಗೆ.

ಅವಳು ಅವನನ್ನೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. "ಡಿಸ್ಕ್ ಒಂದು ಕೆಟ್ಟಿದೆ, ತಕ್ಷಣ ಬದಲಾಯಿಸಿ. ಮೊದಲನೇದು ಸೆಪ್ಟೆಂಬರ್ ಇಪ್ಪತ್ತೊಂದು. ಕೊನೇದು ಜೂನ್ ಆರು. ಒಟ್ಟು ಇನ್ನೂರ ಐವತ್ತೊಂಬತ್ತು ಮೇಲ್. ಸರ್ ಹೆಸರಿಗೇ ಬಂದಿರೋದು."

ಸಂಸ್ಕಾರ ಅಂದಿದ್ದವರು ಮೇಜಿನ ಮೇಲಿನ ಪೆನ್ನು ನೋಡತೊಡಗಿದರು. ಗಿರಿಜಾಂಬಾ ಕನ್ನಡಕ ಹಾಕಿಕೊಂಡು ಆ ಸಾಲುಗಳನ್ನು ಮೇಲಿಂದ ಕೆಳಗೆ ಓದಿದರು, ಸುಳ್ಳು ರಜಾಚೀಟಿ ಓದುವ ಮೇಡಮ್ಮನ ಹಾಗೆ.

ವೆಂಕಟಪ್ಪ ನಿಧಾನವಾಗಿ ಒಳಗೆ ಬಂದ. "ಆ ದೀಪ ಹೇಳ್ತಿದ್ದದ್ದು ಇದನ್ನೇನಾ ಸಾರ್?"

"ಇದನ್ನೇ."

"ಕುಂಕುಮದಿಂದ ಮಷೀನ್ ಕೆಡಲಿಲ್ವಾ ಸಾರ್?"

"ಇಲ್ಲ ವೆಂಕಟಪ್ಪ. ಕುಂಕುಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದೀಪ ಬೇರೆಯವರಿಗೆ ಕಾಣದಿರಲಿ ಅಂತ ನಾನು ನಿಮ್ಮ ಕೈಲಿ ಇಡಿಸಿದೆ."

ವೆಂಕಟಪ್ಪ ಗೋಡೆಯ ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕಾಫಿ ಕೊಡುತ್ತ ಬಂದ. ಗಿರಿಜಾಂಬಾಗೆ, ಜಾನಕಮ್ಮನಿಗೆ, ಸದಸ್ಯರಿಗೆ, ಶಿವರಂಜಿನಿಗೆ. ಎಲ್ಲರ ಮುಂದೆಯೂ ಲೋಟ ಇಟ್ಟ. ಒಂದು ಲೋಟ ತಟ್ಟೆಯಲ್ಲೇ ಉಳಿಯಿತು. ಅದನ್ನು ಹಿಡಿದುಕೊಂಡೇ ವಾದಿರಾಜನ ಎದುರಿಗೆ ನಿಂತ.

"ಸೋಮವಾರ ನಾನು ಆ ಮಗೂ ಕಾಲು ಹಿಡ್ಕೊಂಡಿದ್ದಾಗ," ಅಂದ, ದನಿ ಏರಿಸದೆ, "ನೀವು ಬಾಗಿಲಲ್ಲಿ ನಿಂತಿದ್ರಿ. ಕೈಯಲ್ಲಿ ಚಪ್ಪಲಿ ಇತ್ತು. ನನ್ನ ನೋಡೋಕಾಗದೆ ಹೋದ್ರೇನೋ, ಒಳ್ಳೇ ಮನಸ್ಸು ಅಂದ್ಕೊಂಡಿದ್ದೆ ನಾನು."

ಸಾರ್ ಅನ್ನಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ವೆಂಕಟಪ್ಪ ಆ ಮನೆಯಲ್ಲಿ ಯಾರ ಜೊತೆಗಾದರೂ ಸಾರ್, ಅಮ್ಮ ಇಲ್ಲದೆ ಮಾತು ಮುಗಿಸಿದ್ದು ಅದೇ ಮೊದಲು. ಗಿರಿಜಾಂಬಾ ಪರ್ಸಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟು ಅವನ ಕಡೆ ತಳ್ಳಿದರು. ಅವನು ತೆಗೆದುಕೊಳ್ಳಲಿಲ್ಲ. "ಪೂಜಿತಾ ಒಳಗಿದ್ದಾಳೆ," ಅಂತ ಮಾತ್ರ ಹೇಳಿ ಅಡುಗೆಮನೆಗೆ ಹೋದ.

ವಾದಿರಾಜ ಎದ್ದ. ಕೇಳುವ ಕೋಣೆ ಐದಾರು ಹೆಜ್ಜೆ. ಪೂಜಿತಾ ಹೆಡ್‌ಫೋನ್ ಹಾಕಿಕೊಂಡು ಜಾನಕಮ್ಮ ಹೊಸದಾಗಿ ಓದಿದ ಮೊದಲ ಅಧ್ಯಾಯ ಕೇಳುತ್ತಿದ್ದಳು. ಯಾರೋ ಬಂದದ್ದು ತಿಳಿದು ಹೆಡ್‌ಫೋನ್ ತೆಗೆದಳು. "ವೆಂಕಟಪ್ಪ ಅಂಕಲ್?"

"ಅಲ್ಲಮ್ಮ. ವಾದಿರಾಜ."

ಎದುರಿನ ಸ್ಟೂಲ್ ಮೇಲೆ ಕೂತು ಎಲ್ಲ ಹೇಳಿದ. ಡಿಸ್ಕ್, ದೀಪ, ಬೊಟ್ಟು, ಮೇಲ್, ಶಿವರಂಜಿನಿಗೆ ಹೇಳಿದ ಸುಳ್ಳು, ಒಂಬತ್ತನೇ ನಿಯಮ. ಏನನ್ನೂ ಬಿಡಲಿಲ್ಲ ಅಂದುಕೊಂಡ. ಅವಳು ಅಡ್ಡ ಮಾತಾಡದೆ, ಪಾಠ ಕೇಳುವ ಹಾಗೆಯೇ ಕೇಳಿಸಿಕೊಂಡಳು. ಪುಸ್ತಕದ ಬಗ್ಗೆ, ಪರೀಕ್ಷೆಯ ಬಗ್ಗೆ ಏನಾದರೂ ಅಂದಾಳು ಅಂತ ಅವನು ಕಾದ.

ಅವಳು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು. "ಅಂಕಲ್ ಆವತ್ತು ನನ್ನ ಕಾಲಿಗೆ ಬಿದ್ರಲ್ಲ ಸರ್," ಅಂದಳು. "ಎಷ್ಟು ಹೇಳಿದ್ರೂ ಬಿಡ್ಲಿಲ್ಲ. ನನಗೆ ಅಳು ಬಂದಿತ್ತು. ಯಾರಾದ್ರೂ ಇದ್ದಿದ್ರೆ ಬಿಡಿಸ್ತಿದ್ರು ಅನ್ನಿಸ್ತು." ಆಮೇಲೆ ಕೇಳಿದಳು, "ಆಗ ನೀವು ಇಲ್ಲೇ ಇದ್ರಾ?"

ವಾದಿರಾಜ ತಲೆಯಾಡಿಸಿದ.

ಪೂಜಿತಾ ಅವನ ಕಡೆಗೇ ಮುಖ ಮಾಡಿ ಉತ್ತರಕ್ಕೆ ಕಾಯುತ್ತಲೇ ಇದ್ದಳು. ಆ ತಲೆಯಾಟ ಇಲ್ಲಿ ನಡೆಯುವುದಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಬಾಯಿಬಿಟ್ಟೇ ಹೇಳಬೇಕಾಯಿತು.

"ಇದ್ದೆ," ಅಂದ.